ಗ್ರಾಫಿಕ್ಸ್ ಕಾರ್ಡ್ ಮತ್ತು ಮದರ್‌ಬೋರ್ಡ್ ಹೊಂದಾಣಿಕೆ

ಡೆಸ್ಕ್‌ಟಾಪ್ ಕಂಪ್ಯೂಟರಿನ ಮದರ್‌ಬೋರ್ಡಿಗೆ ಗ್ರಾಫಿಕ್ಸ್ ಕಾರ್ಡೊಂದನ್ನು ಜೋಡಿಸಿದಾಗ ಅದು ಸ್ಲಾಟಿನಲ್ಲಿ ಸರಿಯಾಗಿ ಕೂತು, ಬೇಕಾದಷ್ಟು ವಿದ್ಯುತ್ ಪಡೆದು, ಯಂತ್ರ ಆನ್ ಆದೊಡನೆ ಪರದೆಯಲ್ಲಿ ಚಿತ್ರ ಮೂಡಿಸಿ, ತನ್ನ ಪೂರ್ಣ ಶಕ್ತಿಯಲ್ಲಿ ಕೆಲಸ ಮಾಡಿದರೆ ಅವೆರಡಕ್ಕೂ ಹೊಂದಾಣಿಕೆ ಇದೆ ಎನ್ನುತ್ತಾರೆ. ಈ ನಾಲ್ಕರಲ್ಲಿ ಮೊದಲನೆಯದಕ್ಕೆ ಇಂದು ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 2004ರಿಂದ ಈಚೆಗೆ ಬಳಕೆಗೆ ಬಂದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಆಕಾರದಲ್ಲಿ ಬದಲಾಗಿಲ್ಲ. ಇಪ್ಪತ್ತು ವರ್ಷದ ಹಿಂದಿನ ಕಾರ್ಡು ಇಂದಿನ ಬೋರ್ಡಿನಲ್ಲೂ, ಇಂದಿನ ಕಾರ್ಡು ಅಂದಿನ ಬೋರ್ಡಿನಲ್ಲೂ ಕೂರುತ್ತದೆ. ಎಡವಟ್ಟಾಗುವುದು ಉಳಿದ ಮೂರರಲ್ಲಿ. ಸ್ಲಾಟೊಂದನ್ನೇ ನೋಡಿ 'ಆಗುತ್ತೆ' ಎಂದು ತೀರ್ಮಾನಿಸಿದವರು ವಿದ್ಯುತ್ತಿನಲ್ಲೋ, ಜಾಗದಲ್ಲೋ, ಪ್ರೊಸೆಸರಿನಲ್ಲೋ, ಯಂತ್ರವನ್ನು ಚಾಲೂ ಮಾಡುವ ತಂತ್ರಾಂಶವಾದ ಬಯಾಸ್‌ನಲ್ಲೋ ಸಿಕ್ಕಿಕೊಳ್ಳುತ್ತಾರೆ.

ಅಂಗಡಿಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಸಂದೇಹವನ್ನು ಮೊದಲೇ ಪರಿಹರಿಸಬಹುದು. ಎಎಂಡಿ ಪ್ರೊಸೆಸರಿನ ಬೋರ್ಡಿಗೆ ಎನ್‌ವಿಡಿಯಾ ಕಾರ್ಡ್ ಹಾಕಬಹುದು, ಇಂಟೆಲ್ ಬೋರ್ಡಿಗೆ ಎಎಂಡಿಯ ರೇಡಿಯಾನ್ ಹಾಕಬಹುದು. ಏಸುಸ್ ಬೋರ್ಡಿಗೆ ಎಂಎಸ್‌ಐ ಕಾರ್ಡ್ ಹಾಕಿದರೂ ಅಡ್ಡಿಯಿಲ್ಲ. ಒಂದೇ ಬೋರ್ಡಿನಲ್ಲಿ ಎರಡು ಕಾರ್ಡುಗಳನ್ನು ಜೋಡಿಯಾಗಿ ದುಡಿಸುವ ಎಸ್‌ಎಲ್‌ಐ ವ್ಯವಸ್ಥೆ ಚಾಲ್ತಿಯಲ್ಲಿದ್ದಾಗ ಬೋರ್ಡಿಗೆ ಎನ್‌ವಿಡಿಯಾದ ಅನುಮತಿ ಬೇಕಾಗಿತ್ತು. ಆಟಗಳಿಗಾಗಿ ಆ ವ್ಯವಸ್ಥೆಯನ್ನು ಈಗ ಕೈಬಿಡಲಾಗಿದೆ. ಒಂಟಿ ಕಾರ್ಡಿನ ಮಟ್ಟಿಗೆ ಕಂಪನಿಯ ಹೆಸರು ಹೊಂದಾಣಿಕೆಯ ಪ್ರಶ್ನೆಯೇ ಅಲ್ಲ.

ಹಿನ್ನೆಲೆ

1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಚಿತ್ರ ತೋರಿಸುವ ಕಾರ್ಡು ಉಳಿದೆಲ್ಲ ಕಾರ್ಡುಗಳಂತೆ ಐಎಸ್‌ಎ ಸ್ಲಾಟಿನಲ್ಲೇ ಕೂರುತ್ತಿತ್ತು. 1992ರಲ್ಲಿ ಇಂಟೆಲ್ ಪಿಸಿಐ ಬಸ್ಸನ್ನು ರೂಪಿಸಿತು. ಸೆಕೆಂಡಿಗೆ 133 ಮೆಗಾಬೈಟ್ ಸಾಗಿಸಬಲ್ಲ ಈ ದಾರಿಯನ್ನು ಸೌಂಡ್ ಕಾರ್ಡು, ನೆಟ್‌ವರ್ಕ್ ಕಾರ್ಡು, ಗ್ರಾಫಿಕ್ಸ್ ಕಾರ್ಡು ಎಲ್ಲವೂ ಹಂಚಿಕೊಳ್ಳಬೇಕಿತ್ತು. ಮೂರು ಆಯಾಮದ ಆಟಗಳು ಬಂದ ಮೇಲೆ ಇದು ಸಾಲದಾಯಿತು. ಗ್ರಾಫಿಕ್ಸ್‌ಗೆಂದೇ ಮೀಸಲಾದ ಎಜಿಪಿ ಎಂಬ ಸ್ಲಾಟಿನ ವಿವರಗಳನ್ನು ಇಂಟೆಲ್ 1996ರಲ್ಲಿ ಪ್ರಕಟಿಸಿತು, ಮರುವರ್ಷ ಬೋರ್ಡುಗಳೂ ಬಂದವು. ಸೆಕೆಂಡಿಗೆ 266 ಮೆಗಾಬೈಟಿನಿಂದ ಶುರುವಾದ ಅದರ ವೇಗ ಕೊನೆಯ ರೂಪದಲ್ಲಿ 2,100 ಮೆಗಾಬೈಟ್ ದಾಟಿತು.

ಹೊಂದಾಣಿಕೆಯ ಚರಿತ್ರೆಯಲ್ಲಿ ಎಜಿಪಿ ಕಾಲವೇ ಅತ್ಯಂತ ಅಪಾಯಕಾರಿ ಎನ್ನಬೇಕು. ಮೊದಲ ಕಾರ್ಡುಗಳು 3.3 ವೋಲ್ಟ್ ಸಂಕೇತ ಬಳಸುತ್ತಿದ್ದವು, ಆಮೇಲಿನವು 1.5 ವೋಲ್ಟಿಗೆ, ಕೊನೆಯವು 0.8 ವೋಲ್ಟಿಗೆ ಇಳಿದವು. ತಪ್ಪು ಕಾರ್ಡು ತಪ್ಪು ಬೋರ್ಡಿಗೆ ಹೋಗದಿರಲೆಂದು ಕಾರ್ಡಿನ ಅಂಚಿನಲ್ಲಿ ಬೇರೆ ಬೇರೆ ಕಡೆ ಕಚ್ಚು ಕೊಟ್ಟು, ಸ್ಲಾಟಿನಲ್ಲಿ ಅದಕ್ಕೆ ಸರಿಯಾಗಿ ತಡೆ ಇಟ್ಟಿದ್ದರು. ಆದರೆ ಕೆಲವು ತಯಾರಕರು 3.3 ವೋಲ್ಟಿನ ಕಾರ್ಡಿಗೂ ಎರಡೂ ಕಚ್ಚುಗಳನ್ನು ಕೊಟ್ಟುಬಿಟ್ಟರು. ಅಂಥ ಕಾರ್ಡು 1.5 ವೋಲ್ಟಿನ ಬೋರ್ಡಿನಲ್ಲಿ ನೆಟ್ಟಗೆ ಕೂತು, ಸ್ವಿಚ್ ಹಾಕಿದಾಗ ಬೋರ್ಡನ್ನೇ ಕೆಡಿಸಬಲ್ಲದಾಗಿತ್ತು. ಸ್ಲಾಟಿನಲ್ಲಿ ಕೂರುವುದಕ್ಕೂ ಹೊಂದುವುದಕ್ಕೂ ವ್ಯತ್ಯಾಸವಿದೆ ಎಂಬುದು ಆಗಲೇ ಸ್ಪಷ್ಟವಾಗಿತ್ತು.

ಪಿಸಿಐ ಎಕ್ಸ್‌ಪ್ರೆಸ್‌ನ ಮೊದಲ ನಿಯಮಾವಳಿ 2003ರ ಹೊತ್ತಿಗೆ ಸಿದ್ಧವಾಯಿತು. 2004ರಲ್ಲಿ ಇಂಟೆಲ್‌ನ 915 ಮತ್ತು 925 ಚಿಪ್‌ಸೆಟ್‌ಗಳ ಮೂಲಕ ಮಾರುಕಟ್ಟೆಗೆ ಬಂತು. ಇದನ್ನು ನೋಡಿಕೊಳ್ಳುವುದು ಅಮೆರಿಕದ ಆರಿಗಾನ್ ರಾಜ್ಯದ ಬೀವರ್ಟನ್‌ನಲ್ಲಿ ನೆಲೆಸಿರುವ ಪಿಸಿಐ-ಸಿಗ್ ಎಂಬ ಒಕ್ಕೂಟ. ಇಂಟೆಲ್, ಎಎಂಡಿ, ಎನ್‌ವಿಡಿಯಾ ಮೂರೂ ಅದರ ಸದಸ್ಯರು. ವ್ಯಾಪಾರದಲ್ಲಿ ಕಡು ಎದುರಾಳಿಗಳಾದ ಈ ಕಂಪನಿಗಳು ಒಂದೇ ನಿಯಮಕ್ಕೆ ಇಷ್ಟು ವರ್ಷ ನಿಷ್ಠೆಯಿಂದ ನಡೆದುಕೊಂಡು ಬಂದಿವೆ. ಗ್ರಾಹಕನಿಗೆ ಇದರಿಂದ ಆಗಿರುವ ಅನುಕೂಲ ಬಹಳ ದೊಡ್ಡದು.

ತಲೆಮಾರು ಮತ್ತು ಲೇನ್

ಪಿಸಿಐ ಎಕ್ಸ್‌ಪ್ರೆಸ್ ಬಗ್ಗೆ ಎರಡು ಸಂಖ್ಯೆಗಳನ್ನು ಬೇರೆ ಬೇರೆಯಾಗಿ ಓದಬೇಕು. 3.0, 4.0, 5.0 ಎಂಬುದು ತಲೆಮಾರು. ಎಕ್ಸ್1, ಎಕ್ಸ್4, ಎಕ್ಸ್8, ಎಕ್ಸ್16 ಎಂಬುದು ಲೇನ್‌ಗಳ ಎಣಿಕೆ. ಒಂದು ಲೇನ್ ಎಂದರೆ ದತ್ತಾಂಶ ಕಳಿಸಲು ಒಂದು ಜೊತೆ, ಪಡೆಯಲು ಇನ್ನೊಂದು ಜೊತೆ ತಂತಿ. ಮೊದಲ ತಲೆಮಾರಿನಲ್ಲಿ ಒಂದು ಲೇನ್ ಒಂದು ದಿಕ್ಕಿನಲ್ಲಿ ಸೆಕೆಂಡಿಗೆ 250 ಮೆಗಾಬೈಟ್ ಸಾಗಿಸುತ್ತಿತ್ತು. 2007ರ 2.0ರಲ್ಲಿ ಅದು 500 ಆಯಿತು. 2010ರ 3.0ರಲ್ಲಿ ಸುಮಾರು 985 ಮೆಗಾಬೈಟ್, 2017ರ 4.0ರಲ್ಲಿ ಸುಮಾರು 1.97 ಗಿಗಾಬೈಟ್, 2019ರ 5.0ರಲ್ಲಿ ಸುಮಾರು 3.94 ಗಿಗಾಬೈಟ್. ಹೀಗೆ ಹದಿನಾರು ಲೇನ್‌ಗಳ 3.0 ಸ್ಲಾಟಿನಲ್ಲಿ ಸುಮಾರು 15.75 ಗಿಗಾಬೈಟ್, 4.0ರಲ್ಲಿ 31.5, 5.0ರಲ್ಲಿ 63 ಗಿಗಾಬೈಟ್ ಸಾಗುತ್ತದೆ. 2022ರಲ್ಲಿ 6.0 ನಿಯಮಾವಳಿಯೂ ಬಂದಿದೆ, ಆದರೆ ಮನೆಯ ಕಂಪ್ಯೂಟರುಗಳ ಗ್ರಾಫಿಕ್ಸ್ ಕಾರ್ಡುಗಳು ಇನ್ನೂ 5.0ರಲ್ಲೇ ಇವೆ.

ಬೇರೆ ಬೇರೆ ತಲೆಮಾರಿನ ಕಾರ್ಡು, ಬೋರ್ಡು ಒಂದಾದಾಗ ನಡೆಯುವುದಿಷ್ಟು: ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ಎರಡೂ ಮೊದಲ ತಲೆಮಾರಿನ ವೇಗದಲ್ಲಿಯೇ ಸಂಪರ್ಕ ಶುರುಮಾಡುತ್ತವೆ, ಆಮೇಲೆ ಎರಡಕ್ಕೂ ಸಾಧ್ಯವಿರುವ ಅತಿ ಹೆಚ್ಚಿನ ವೇಗಕ್ಕೆ ಏರುತ್ತವೆ. ಆದ್ದರಿಂದ 5.0 ಕಾರ್ಡನ್ನು 3.0 ಬೋರ್ಡಿಗೆ ಹಾಕಿದರೆ ಸುಟ್ಟುಹೋಗುವ ಭಯವಿಲ್ಲ. ವೇಗದಲ್ಲಿ ಎಷ್ಟು ನಷ್ಟವೆಂಬುದು ಕಾರ್ಡನ್ನು ಅವಲಂಬಿಸುತ್ತದೆ. ಆರ್‌ಟಿಎಕ್ಸ್ 4090ರಂಥ ಬಲವಾದ ಕಾರ್ಡು ಕೂಡ 3.0ರ ಹದಿನಾರು ಲೇನ್‌ಗಳಲ್ಲಿ ಕಳೆದುಕೊಳ್ಳುವುದು ಶೇಕಡಾ ಲೆಕ್ಕದಲ್ಲಿ ಬಹಳ ಕಡಿಮೆ. ಹಳೆಯ ಬೋರ್ಡ್ ಇರುವವರು ಕಾರ್ಡಿಗಾಗಿಯೇ ಹೊಸ ಬೋರ್ಡ್ ಕೊಳ್ಳಬೇಕೆಂದು ಯಾರಾದರೂ ಹೇಳಿದರೆ ತಕ್ಷಣ ನಂಬಬೇಕಾಗಿಲ್ಲ.

ಇಲ್ಲಿ ಒಂದು ವಿರೋಧಾಭಾಸವಿದೆ. ಹೆಚ್ಚು ಪೆಟ್ಟು ಬೀಳುವುದು ಅಗ್ಗದ ಕಾರ್ಡುಗಳಿಗೆ. ಬೆಲೆ ಇಳಿಸಲು ತಯಾರಕರು ಅವುಗಳಲ್ಲಿ ಲೇನ್‌ಗಳನ್ನು ಕಡಿಮೆ ಮಾಡುತ್ತಾರೆ. ಆರ್‌ಟಿಎಕ್ಸ್ 4060, ರೇಡಿಯಾನ್ ಆರ್‌ಎಕ್ಸ್ 6600, ಇಂಟೆಲ್ ಆರ್ಕ್ ಬಿ580 ಇವೆಲ್ಲ ಹೊರನೋಟಕ್ಕೆ ಪೂರ್ತಿ ಉದ್ದದ ಅಂಚು ಹೊಂದಿದ್ದರೂ ಬಳಸುವುದು ಎಂಟು ಲೇನ್ ಮಾತ್ರ. 2022ರ ಜನವರಿಯಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿಯಲ್ಲಿ ನಾಲ್ಕೇ ಲೇನ್, ಜೊತೆಗೆ ನಾಲ್ಕೇ ಗಿಗಾಬೈಟ್ ಮೆಮೊರಿ. ಆಟಕ್ಕೆ ಬೇಕಾದ ದತ್ತಾಂಶ ಆ ನಾಲ್ಕು ಗಿಗಾಬೈಟ್ ಮೀರಿದಾಗ ಕಾರ್ಡು ಕಂಪ್ಯೂಟರಿನ ರ್‍ಯಾಮಿನಿಂದ ತರಿಸಿಕೊಳ್ಳಬೇಕು, ತರಿಸಿಕೊಳ್ಳುವ ದಾರಿಯೇ ಕಿರಿದು. 4.0 ಬೋರ್ಡಿನಲ್ಲಿ ಅದಕ್ಕೆ ಸೆಕೆಂಡಿಗೆ ಸುಮಾರು 8 ಗಿಗಾಬೈಟ್ ಸಿಕ್ಕರೆ 3.0 ಬೋರ್ಡಿನಲ್ಲಿ ಸುಮಾರು 4 ಮಾತ್ರ. ಅಗ್ಗದ ಕಾರ್ಡ್ ಕೊಳ್ಳುವವರ ಬಳಿ ಇರುವುದು ಸಾಮಾನ್ಯವಾಗಿ ಹಳೆಯ 3.0 ಬೋರ್ಡೇ ಆದ್ದರಿಂದ, ಇದು ಆ ಗ್ರಾಹಕರಿಗೆ ಮಾಡಿದ ಅನ್ಯಾಯವೆಂದೇ ಹೇಳಬೇಕು. ಕಡಿಮೆ ಬೆಲೆಯ ಕಾರ್ಡ್ ಕೊಳ್ಳುವವರು ಮೊದಲು ಕೇಳಬೇಕಾದದ್ದು 'ಎಷ್ಟು ಲೇನ್?' ಎಂಬುದನ್ನು.

ಪ್ರೊಸೆಸರಿನ ಪಾತ್ರ

ಬೋರ್ಡಿನ ಪೆಟ್ಟಿಗೆಯ ಮೇಲೆ 'ಪಿಸಿಐಇ 4.0' ಎಂದು ದೊಡ್ಡದಾಗಿ ಮುದ್ರಿಸಿದ್ದರೂ ಮೊದಲ ದೊಡ್ಡ ಸ್ಲಾಟಿನ ತಂತಿಗಳು ನೇರವಾಗಿ ಹೋಗಿ ಸೇರುವುದು ಪ್ರೊಸೆಸರನ್ನು. ಆದ್ದರಿಂದ ಆ ಸ್ಲಾಟಿನ ನಿಜವಾದ ವೇಗ ತೀರ್ಮಾನವಾಗುವುದು ಬೋರ್ಡು, ಪ್ರೊಸೆಸರ್, ಕಾರ್ಡು ಮೂರೂ ಸೇರಿ. ಕೊಳ್ಳುವವರು ಅತಿ ಹೆಚ್ಚು ಮರೆಯುವುದೂ ಇದನ್ನೇ.

ಎಎಂಡಿಯ ಎಎಂ4 ಸಾಕೆಟ್ಟಿನ ಬಿ550 ಬೋರ್ಡನ್ನು ತೆಗೆದುಕೊಳ್ಳೋಣ. 2020ರಲ್ಲಿ ಬಂದ ಈ ಬೋರ್ಡು 4.0 ಸ್ಲಾಟ್ ಕೊಡಬಲ್ಲದು. ಅದರಲ್ಲಿ ರೈಜೆನ್ 5 5600 ಪ್ರೊಸೆಸರ್ ಹಾಕಿದರೆ 4.0 ಸಿಗುತ್ತದೆ. ರೈಜೆನ್ 5 5600ಜಿ ಹಾಕಿದರೆ 3.0 ಮಾತ್ರ. ರೈಜೆನ್ 5 5500 ಹಾಕಿದರೂ 3.0 ಮಾತ್ರ. ಹೆಸರುಗಳಲ್ಲಿ ಇರುವ ವ್ಯತ್ಯಾಸ ಒಂದು ಅಕ್ಷರ ಅಥವಾ ಒಂದು ಅಂಕಿ. ಗ್ರಾಫಿಕ್ಸ್ ಕಾರ್ಡುಗಳ ಬೆಲೆ ಮುಗಿಲು ಮುಟ್ಟಿದ್ದ 2021ರಲ್ಲಿ, 'ಸದ್ಯಕ್ಕೆ ಒಳಗಿರುವ ಗ್ರಾಫಿಕ್ಸ್‌ನಲ್ಲೇ ನಡೆಸೋಣ, ಆಮೇಲೆ ಕಾರ್ಡ್ ಹಾಕಿಸೋಣ' ಎಂದುಕೊಂಡು 5600ಜಿ ಕೊಂಡವರು ಬಹಳ ಜನ. ಅಂಥ ಯಂತ್ರಕ್ಕೆ ಆರ್‌ಎಕ್ಸ್ 6500 ಎಕ್ಸ್‌ಟಿ ಹಾಕಿದರೆ 4.0 ಬೋರ್ಡು, 4.0 ಕಾರ್ಡು ಎರಡೂ ಇದ್ದು ಮಧ್ಯದ ಪ್ರೊಸೆಸರಿನಿಂದಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ. ಮೂರು ಬಿಡಿಭಾಗಗಳಲ್ಲಿ ಯಾವುದೂ ಕೆಟ್ಟಿಲ್ಲ, ಯಾವುದೂ ನಕಲಿಯಲ್ಲ. ಜೋಡಿ ಕೂಡಿಬಂದಿಲ್ಲ, ಅಷ್ಟೆ. ಎಎಂ5 ಸಾಕೆಟ್ಟಿನಲ್ಲಿಯೂ ಈ ಬಗೆಯ ತೊಡಕಿದೆ: ರೈಜೆನ್ 7 8700ಜಿ ಗ್ರಾಫಿಕ್ಸ್ ಕಾರ್ಡಿಗೆ ಎಂಟು ಲೇನ್ ಬಿಡುತ್ತದೆ, ರೈಜೆನ್ 5 8500ಜಿ ನಾಲ್ಕೇ ಲೇನ್ ಬಿಡುತ್ತದೆ.

ಇಂಟೆಲ್ ಕಡೆ ಲೆಕ್ಕ ಸ್ವಲ್ಪ ಸರಳ. 10ನೇ ತಲೆಮಾರಿನವರೆಗೆ 3.0, 2021ರ 11ನೇ ತಲೆಮಾರಿನಲ್ಲಿ 4.0, 12ನೆಯದರಿಂದ ಈಚೆಗೆ 5.0. ಆದರೆ 12ರಿಂದ 14ನೇ ತಲೆಮಾರಿನ ಪ್ರೊಸೆಸರುಗಳಲ್ಲಿ 5.0 ಲೇನ್‌ಗಳು ಒಟ್ಟು ಹದಿನಾರೇ. ಬೋರ್ಡಿನಲ್ಲಿ 5.0 ವೇಗದ ಎಂ.2 ಎಸ್‌ಎಸ್‌ಡಿ ಜಾಗ ಕೊಟ್ಟಿದ್ದರೆ ಅದಕ್ಕೆ ಬೇಕಾದ ಲೇನ್‌ಗಳು ಬರುವುದು ಈ ಹದಿನಾರರಿಂದಲೇ. ಆ ಜಾಗಕ್ಕೆ ಎಸ್‌ಎಸ್‌ಡಿ ಹಾಕಿದೊಡನೆ ಗ್ರಾಫಿಕ್ಸ್ ಕಾರ್ಡು ಎಂಟು ಲೇನ್‌ಗೆ ಇಳಿಯುತ್ತದೆ. ಎಸ್‌ಎಸ್‌ಡಿಯನ್ನು ಪಕ್ಕದ 4.0 ಜಾಗಕ್ಕೆ ಬದಲಿಸಿದರೆ ಹದಿನಾರೂ ಮರಳಿ ಸಿಗುತ್ತವೆ. ಈ ಮಾತು ಬೋರ್ಡಿನ ಕೈಪಿಡಿಯಲ್ಲಿ ಸಣ್ಣ ಅಕ್ಷರದ ಅಡಿಟಿಪ್ಪಣಿಯಾಗಿ ಇರುತ್ತದೆ, ಪೆಟ್ಟಿಗೆಯ ಮೇಲೆ ಇರುವುದಿಲ್ಲ.

ಎರಡನೇ ದೊಡ್ಡ ಸ್ಲಾಟನ್ನೂ ನಂಬಬಾರದು. ಉದ್ದದಲ್ಲಿ ಮೊದಲನೆಯದರಷ್ಟೇ ಇದ್ದರೂ ಬಹುತೇಕ ಬೋರ್ಡುಗಳಲ್ಲಿ ಅದಕ್ಕೆ ಇರುವುದು ಚಿಪ್‌ಸೆಟ್ ಮೂಲಕ ಬರುವ ನಾಲ್ಕು ಲೇನ್. ಗ್ರಾಫಿಕ್ಸ್ ಕಾರ್ಡ್ ಯಾವಾಗಲೂ ಪ್ರೊಸೆಸರಿಗೆ ಹತ್ತಿರದ ಉದ್ದ ಸ್ಲಾಟಿನಲ್ಲೇ ಇರಬೇಕು.

ವಿದ್ಯುತ್

ಎಕ್ಸ್16 ಸ್ಲಾಟಿನಿಂದ ಕಾರ್ಡು ಪಡೆಯಬಹುದಾದ ಗರಿಷ್ಠ ವಿದ್ಯುತ್ 75 ವಾಟ್. ಅದರಲ್ಲಿ 12 ವೋಲ್ಟಿನ ತಂತಿಯಿಂದ 66 ವಾಟ್, ಉಳಿದದ್ದು 3.3 ವೋಲ್ಟಿನ ತಂತಿಯಿಂದ. ಜಿಟಿಎಕ್ಸ್ 1650, ಆರ್‌ಟಿಎಕ್ಸ್ 3050ರ 6 ಗಿಗಾಬೈಟ್ ಮಾದರಿಯಂಥ ಕಾರ್ಡುಗಳು ಇಷ್ಟರಲ್ಲೇ ನಡೆಯುವಂತೆ ರೂಪಿಸಿದವು. ಅದಕ್ಕಿಂತ ದೊಡ್ಡವಕ್ಕೆ ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನಿಂದ ನೇರ ಕೇಬಲ್ ಬೇಕು: 6 ಪಿನ್ನಿನದು 75 ವಾಟ್, 8 ಪಿನ್ನಿನದು 150 ವಾಟ್. 2022ರಿಂದ 600 ವಾಟ್‌ವರೆಗೆ ಸಾಗಿಸುವ 16 ಪಿನ್ನಿನ ಹೊಸ ಕನೆಕ್ಟರ್ ಬಳಕೆಗೆ ಬಂದಿದೆ.

75 ವಾಟಿನ ಮಿತಿ ಬರಿಯ ಕಾಗದದ ನಿಯಮವಲ್ಲ. 2016ರ ಜೂನ್‌ನಲ್ಲಿ ಎಎಂಡಿ ರೇಡಿಯಾನ್ ಆರ್‌ಎಕ್ಸ್ 480 ಬಿಡುಗಡೆ ಮಾಡಿದಾಗ ಅದು ಹೊರೆ ಹೆಚ್ಚಿದಂತೆ ಸ್ಲಾಟಿನಿಂದ ಮಿತಿಗಿಂತ ಹೆಚ್ಚು ವಿದ್ಯುತ್ ಎಳೆಯುವುದನ್ನು ವಿಮರ್ಶಕರು ಅಳೆದು ತೋರಿಸಿದರು. ದುರ್ಬಲ ಬೋರ್ಡುಗಳಿಗೆ ಹಾನಿಯಾಗಬಹುದೆಂಬ ಆತಂಕ ಹುಟ್ಟಿ, ಮುಂದಿನ ತಿಂಗಳೇ ಕಂಪನಿ ಹೊಸ ಡ್ರೈವರ್ ಹೊರಡಿಸಿ ಸ್ಲಾಟಿನ ಮೇಲಿನ ಹೊರೆ ಇಳಿಸಿತು. ಅಷ್ಟು ಬೇಗ ತಿದ್ದಿಕೊಂಡದ್ದು ಒಳ್ಳೆಯ ನಡೆ.

16 ಪಿನ್ನಿನ ಕನೆಕ್ಟರಿನ ಕಥೆ ಇನ್ನೂ ಗಂಭೀರ. 600 ವಾಟ್ ಎಂದರೆ 12 ವೋಲ್ಟಿನಲ್ಲಿ 50 ಆಂಪಿಯರ್. ಅದನ್ನು ಹೊರುವುದು ಆರು ಸಣ್ಣ ಪಿನ್ನುಗಳು, ಒಂದೊಂದಕ್ಕೆ ಎಂಟು ಆಂಪಿಯರಿಗೂ ಹೆಚ್ಚು. 2022ರ ಅಕ್ಟೋಬರಿನಲ್ಲಿ 450 ವಾಟಿನ ಆರ್‌ಟಿಎಕ್ಸ್ 4090 ಬಂದ ಕೆಲವೇ ವಾರಗಳಲ್ಲಿ ಕನೆಕ್ಟರ್ ಕರಗಿದ ಚಿತ್ರಗಳು ಹೊರಬಂದವು. ಪ್ಲಗ್ ಕೊನೆಯವರೆಗೆ ಒಳಹೋಗದಿರುವುದು ಮುಖ್ಯ ಕಾರಣವೆಂದು ಎನ್‌ವಿಡಿಯಾ ಹೇಳಿತು. 2023ರಲ್ಲಿ ಕನೆಕ್ಟರನ್ನು ಪರಿಷ್ಕರಿಸಿ, ಸಂಕೇತದ ನಾಲ್ಕು ಪುಟ್ಟ ಪಿನ್ನುಗಳನ್ನು ಇನ್ನಷ್ಟು ಮೋಟು ಮಾಡಿದರು. ಪ್ಲಗ್ ಪೂರ್ತಿ ಕೂರದಿದ್ದರೆ ಆ ಪಿನ್ನುಗಳು ತಾಗದೆ ಕಾರ್ಡು ಹೊರೆ ಎತ್ತುವುದಿಲ್ಲ. ಇಂಥ ಕಾರ್ಡ್ ಜೋಡಿಸುವಾಗ ಪ್ಲಗ್ ಮತ್ತು ಕಾರ್ಡಿನ ನಡುವೆ ಸಂದಿಯೇ ಕಾಣದಷ್ಟು ಒತ್ತಬೇಕು; ಕೇಬಲನ್ನು ಪ್ಲಗ್ಗಿನ ಬುಡದಲ್ಲೇ ಬಗ್ಗಿಸಬಾರದು.

ಎಸ್‌ಎಂಪಿಎಸ್‌ನಿಂದ ಬರುವ ಎರಡು ಬಗೆಯ 8 ಪಿನ್ ಕೇಬಲ್‌ಗಳು ನೋಡಲು ಅವಳಿಗಳಂತಿರುತ್ತವೆ. 4+4 ಎಂದು ಸೀಳಿಕೊಂಡಿರುವುದು ಪ್ರೊಸೆಸರಿನದು. 6+2 ಎಂದು ಸೀಳಿರುವುದು, ಸಾಮಾನ್ಯವಾಗಿ 'ಪಿಸಿಐಇ' ಎಂದು ಅಚ್ಚಾಗಿರುವುದು ಗ್ರಾಫಿಕ್ಸ್ ಕಾರ್ಡಿನದು. ಎರಡರಲ್ಲೂ 12 ವೋಲ್ಟ್ ಮತ್ತು ಗ್ರೌಂಡ್ ತಂತಿಗಳ ಸಾಲು ಅದಲುಬದಲು. ಪಿನ್ನುಗಳ ಆಕಾರ ಬೇರೆಯಾಗಿರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಸಲೀಸಾಗಿ ಹೋಗುವುದಿಲ್ಲ. ಬಲವಂತ ಮಾಡಿ ತುರುಕಿದರೆ ಶಾರ್ಟ್ ಆಗುತ್ತದೆ. ಬಿಚ್ಚಿ ಹಾಕಬಹುದಾದ ಮಾಡ್ಯುಲರ್ ಕೇಬಲ್‌ಗಳನ್ನು ಒಂದು ಕಂಪನಿಯ ಎಸ್‌ಎಂಪಿಎಸ್‌ನಿಂದ ಇನ್ನೊಂದಕ್ಕೆ ಬಳಸುವುದೂ ಅಷ್ಟೇ ಅಪಾಯ. ಕಾರ್ಡಿನ ಕಡೆಯ ತುದಿ ಮಾತ್ರ ಎಲ್ಲ ಕಡೆ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ತಂತಿಗಳ ಕ್ರಮ ಒಬ್ಬೊಬ್ಬ ತಯಾರಕನದು ಒಂದೊಂದು.

ಎಷ್ಟು ವಾಟಿನ ಎಸ್‌ಎಂಪಿಎಸ್ ಬೇಕೆಂಬುದನ್ನು ಕಾರ್ಡಿನ ತಯಾರಕರೇ ಹೇಳಿರುತ್ತಾರೆ. 115 ವಾಟಿನ ಆರ್‌ಟಿಎಕ್ಸ್ 4060ಗೆ ಎನ್‌ವಿಡಿಯಾ ಸೂಚಿಸುವುದು 550 ವಾಟ್, 575 ವಾಟಿನ ಆರ್‌ಟಿಎಕ್ಸ್ 5090ಗೆ 1,000 ವಾಟ್. ನಡುವಿನ ಅಂತರ ಸುಮ್ಮನೆ ಇಟ್ಟದ್ದಲ್ಲ. ಕಾರ್ಡು ಕ್ಷಣಮಾತ್ರಕ್ಕೆ ತನ್ನ ಸರಾಸರಿಗಿಂತ ಬಹಳ ಹೆಚ್ಚು ಎಳೆಯುತ್ತದೆ, ಆಗ ದುರ್ಬಲ ಎಸ್‌ಎಂಪಿಎಸ್ ಕಂಪ್ಯೂಟರನ್ನೇ ಆರಿಸಿಬಿಡುತ್ತದೆ. 2022ರ ಎಟಿಎಕ್ಸ್ 3.0 ನಿಯಮ ಇಂಥ ಹಠಾತ್ ಎಳೆತಗಳನ್ನು ತಾಳಿಕೊಳ್ಳಬೇಕೆಂದು ಎಸ್‌ಎಂಪಿಎಸ್ ತಯಾರಕರಿಗೆ ಕಟ್ಟುಪಾಡು ಹಾಕಿದೆ. ನಮ್ಮ ಊರುಗಳಲ್ಲಿ ಕರೆಂಟ್ ಹೋಗುವುದು ಮಾಮೂಲು, ಹಾಗಾಗಿ ಯುಪಿಎಸ್ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್. ದೊಡ್ಡ ಕಾರ್ಡ್ ಹಾಕಿ ಆಟ ಆಡುತ್ತಿರುವಾಗ ಕರೆಂಟ್ ಹೋದರೆ ಅದು ಒಂದು ನಿಮಿಷವೂ ತಡೆಯಲಿಕ್ಕಿಲ್ಲ.

ಜಾಗ

ಮದರ್‌ಬೋರ್ಡಿನ ಸ್ಲಾಟುಗಳ ನಡುವಿನ ಅಂತರ 20.32 ಮಿಲಿಮೀಟರ್ ಎಂದು ನಿಗದಿಯಾಗಿದೆ. ಕಾರ್ಡು ಎರಡು ಸ್ಲಾಟಿನದು, ಮೂರು ಸ್ಲಾಟಿನದು ಎಂದು ಹೇಳುವುದು ಈ ಅಳತೆಯಲ್ಲಿ. ಎನ್‌ವಿಡಿಯಾದ ಸ್ವಂತ ಆರ್‌ಟಿಎಕ್ಸ್ 4090 ಕಾರ್ಡು 304 ಮಿಲಿಮೀಟರ್ ಉದ್ದ, 137 ಮಿಲಿಮೀಟರ್ ಎತ್ತರ, ಮೂರು ಸ್ಲಾಟ್ ದಪ್ಪ. ಬೇರೆ ತಯಾರಕರ ಮಾದರಿಗಳು ಇದಕ್ಕಿಂತ ಉದ್ದ, 2 ಕಿಲೋ ದಾಟುವ ತೂಕ. ಅಂಥವು ಸ್ಲಾಟಿನಿಂದ ಜೋತು ಬೀಳದಂತೆ ಕೆಳಗೆ ಆಸರೆ ಕೊಡಬೇಕಾಗುತ್ತದೆ. ಕ್ಯಾಬಿನೆಟ್ಟಿನ ವಿವರಪಟ್ಟಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಗರಿಷ್ಠ ಉದ್ದ ಕೊಟ್ಟಿರುತ್ತಾರೆ. ಮುಂಭಾಗದಲ್ಲಿ ಫ್ಯಾನ್ ಅಥವಾ ನೀರಿನ ಕೂಲರಿನ ರೇಡಿಯೇಟರ್ ಇದ್ದರೆ ಅದರ ದಪ್ಪವನ್ನು ಅದರಿಂದ ಕಳೆಯಬೇಕು. ಕೇಬಲ್ ಬಾಗಲು ಪಕ್ಕದ ಗಾಜಿನ ಕಡೆಯೂ ಸ್ವಲ್ಪ ಜಾಗ ಬೇಕು.

ಬೋರ್ಡಿನ ಅಳತೆಯೂ ಲೆಕ್ಕಕ್ಕೆ ಬರುತ್ತದೆ. 244 ಮಿಲಿಮೀಟರ್ ಚೌಕದ ಮೈಕ್ರೋ ಎಟಿಎಕ್ಸ್ ಬೋರ್ಡಿನಲ್ಲಿ ದಪ್ಪ ಕಾರ್ಡ್ ಕೂತರೆ ಕೆಳಗಿನ ಸ್ಲಾಟುಗಳು ಮುಚ್ಚಿಹೋಗಿ ವೈಫೈ ಅಥವಾ ಕ್ಯಾಪ್ಚರ್ ಕಾರ್ಡಿಗೆ ಜಾಗ ಉಳಿಯುವುದಿಲ್ಲ. 170 ಮಿಲಿಮೀಟರ್ ಚೌಕದ ಮಿನಿ ಐಟಿಎಕ್ಸ್‌ನಲ್ಲಿ ಇರುವುದೇ ಒಂದು ಸ್ಲಾಟ್.

ಕಾರ್ಡನ್ನು ಗಾಜಿನ ಕಡೆಗೆ ಮುಖಮಾಡಿ ನಿಲ್ಲಿಸುವ ಶೋಕಿ ಈಚೆಗೆ ಹೆಚ್ಚಿದೆ. ಅದಕ್ಕೆ ಕಾರ್ಡನ್ನು ಸ್ಲಾಟಿಗೆ ಜೋಡಿಸುವ ರೈಸರ್ ಕೇಬಲ್ ಬೇಕು. ಕೇಬಲ್ 3.0ರದಾಗಿದ್ದು ಕಾರ್ಡು, ಬೋರ್ಡು 4.0 ಆಗಿದ್ದರೆ ಅವೆರಡೂ 4.0ರಲ್ಲಿ ಮಾತಾಡಲು ಹೊರಟು, ಮಧ್ಯದ ಕೇಬಲ್ ತಾಳದೆ, ಪರದೆ ಕಪ್ಪಾಗುತ್ತದೆ. ಕಾರ್ಡನ್ನು ನೇರವಾಗಿ ಸ್ಲಾಟಿಗೆ ಹಾಕಿ ಬಯಾಸ್ ಒಳಹೊಕ್ಕು ಸ್ಲಾಟಿನ ವೇಗವನ್ನು 3.0ಗೆ ಕಟ್ಟಿಹಾಕಿದರೆ ಸರಿಹೋಗುತ್ತದೆ.

ಡಿಸ್‌ಪ್ಲೇ ಬಾರದಿದ್ದರೆ

ಫ್ಯಾನ್ ತಿರುಗುತ್ತಿದೆ, ದೀಪ ಹೊಳೆಯುತ್ತಿದೆ, ಡಿಸ್‌ಪ್ಲೇ ಇಲ್ಲ. ರಿಪೇರಿ ಅಂಗಡಿಗೆ ಬರುವ ದೂರುಗಳಲ್ಲಿ ಇದು ಅತಿ ಸಾಮಾನ್ಯವಾದದ್ದು. ಕಾರಣ ಎಷ್ಟೋ ಸಲ ಬಹಳ ಸಣ್ಣದು: ಮಾನಿಟರಿನ ಕೇಬಲ್ ಹೊಸ ಕಾರ್ಡಿನ ಬದಲು ಬೋರ್ಡಿನ ಎಚ್‌ಡಿಎಂಐ ಕಿಂಡಿಯಲ್ಲೇ ಉಳಿದಿರುತ್ತದೆ. ಅದಲ್ಲದಿದ್ದರೆ ಕಾರ್ಡನ್ನು ತೆಗೆದು, ಸ್ಲಾಟಿನ ತುದಿಯ ಕೊಂಡಿ ಟಕ್ಕೆನ್ನುವವರೆಗೆ ಒತ್ತಿ ಮತ್ತೆ ಕೂರಿಸಿ ನೋಡಬೇಕು. ಇವೆರಡೂ ಸರಿಯಿದ್ದರೆ ಫರ್ಮ್‌ವೇರ್ ಕಡೆ ತಿರುಗಬೇಕು.

ಹಳೆಯ ಬಯಾಸ್ ಜಾಗಕ್ಕೆ ಯುಇಎಫ್‌ಐ ಬಂದ ಮೇಲೆ ಕಾರ್ಡಿನೊಳಗಿನ ಚಿಪ್ಪಿನಲ್ಲೂ ಅದಕ್ಕೆ ತಕ್ಕ ತಂತ್ರಾಂಶ ಇರಬೇಕಾಯಿತು. 2012ರ ಸುಮಾರಿನ ಮತ್ತು ಅದಕ್ಕೂ ಮೊದಲಿನ ಬಹಳಷ್ಟು ಕಾರ್ಡುಗಳಲ್ಲಿ ಅದಿಲ್ಲ. ಅಂಥವು ಕೆಲಸ ಮಾಡಲು ಬೋರ್ಡಿನಲ್ಲಿ ಸಿಎಸ್‌ಎಂ ಎಂಬ ಹಳೆಯ ಪದ್ಧತಿಯ ಬೆಂಬಲ ಆನ್ ಇರಬೇಕು. ವಿಂಡೋಸ್ 11 ಯುಇಎಫ್‌ಐ ಮತ್ತು ಸೆಕ್ಯೂರ್ ಬೂಟ್ ಕೇಳುವುದರಿಂದ ಹೊಸ ಬೋರ್ಡುಗಳಲ್ಲಿ ಸಿಎಸ್‌ಎಂ ಆಫ್ ಆಗಿಯೇ ಬರುತ್ತದೆ. ಕಾರ್ಡು ಚೆನ್ನಾಗಿದ್ದೂ ಸ್ಲಾಟು ಚೆನ್ನಾಗಿದ್ದೂ ಡಿಸ್‌ಪ್ಲೇ ಬಾರದಿರುವುದು ಹೀಗೆ. ಹೊಸ ಕಂಪ್ಯೂಟರಿಗೆ ಮನೆಯಲ್ಲಿದ್ದ ಹಳೆಯ ಕಾರ್ಡನ್ನು ಹಾಕಿ ತಾತ್ಕಾಲಿಕವಾಗಿ ನಡೆಸೋಣ ಎನ್ನುವವರು ಇದನ್ನು ನೆನಪಿಡಬೇಕು.

ಸೆಟ್ಟಿಂಗ್ ಬದಲಿಸಲು ಬಯಾಸ್ ಒಳಹೋಗಬೇಕು, ಒಳಹೋಗಲು ಡಿಸ್‌ಪ್ಲೇ ಬೇಕು. ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಇದ್ದರೆ ಇದು ತೊಡಕಲ್ಲ. ಇಂಟೆಲ್‌ನ ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರುಗಳಲ್ಲಿ, ಎಎಂ4 ರೈಜೆನ್‌ಗಳಲ್ಲಿ ಜಿ ಇಲ್ಲದ ಬಹುತೇಕವುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಅಂಥವರು ಬೇರೆ ಕಾರ್ಡನ್ನು ಎರವಲು ತರಬೇಕಾಗುತ್ತದೆ. ಕೆಲವು ನೂರು ರೂಪಾಯಿ ಉಳಿಸಲು ಎಫ್ ಪ್ರೊಸೆಸರ್ ಕೊಳ್ಳುವುದು ಈ ಕಾರಣಕ್ಕೆ ಜಾಣತನವಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಇನ್ನೊಂದು ಸೆಟ್ಟಿಂಗ್ ರೀಸೈಜಬಲ್ ಬಾರ್. ಹಿಂದೆ ಪ್ರೊಸೆಸರು ಕಾರ್ಡಿನ ಮೆಮೊರಿಯನ್ನು ಒಮ್ಮೆಗೆ 256 ಮೆಗಾಬೈಟಿನ ತುಂಡುಗಳಾಗಿ ಮಾತ್ರ ಮುಟ್ಟಬಹುದಿತ್ತು. ಇದು ಆನ್ ಇದ್ದರೆ ಇಡೀ ಮೆಮೊರಿಯನ್ನು ಒಟ್ಟಿಗೆ ಮುಟ್ಟಬಹುದು. 2020ರ ಕೊನೆಯಲ್ಲಿ ಎಎಂಡಿ ತನ್ನ ಆರ್‌ಎಕ್ಸ್ 6000 ಕಾರ್ಡುಗಳೊಂದಿಗೆ ಇದನ್ನು ಪ್ರಚಾರಕ್ಕೆ ತಂದಿತು, ಮರುವರ್ಷ ಎನ್‌ವಿಡಿಯಾ ಅನುಸರಿಸಿತು. ಆ ಎರಡು ಕಂಪನಿಗಳ ಕಾರ್ಡುಗಳಿಗೆ ಇದು ಒಂದಿಷ್ಟು ಹೆಚ್ಚುವರಿ ಲಾಭ. ಇಂಟೆಲ್‌ನ ಆರ್ಕ್ ಕಾರ್ಡುಗಳಿಗಾದರೋ ಇದು ಅಗತ್ಯವೇ. ಇಲ್ಲದಿದ್ದರೆ ಅವುಗಳ ವೇಗ ಎದ್ದುಕಾಣುವಷ್ಟು ಕುಸಿಯುತ್ತದೆ, ಆದ್ದರಿಂದ ಇಂಟೆಲ್ ತನ್ನ 10ನೇ ತಲೆಮಾರಿಗಿಂತ ಹಳೆಯ ಯಂತ್ರಗಳಿಗೆ ಆರ್ಕ್ ಸೂಚಿಸುವುದಿಲ್ಲ. ಬೆಲೆ ಕಡಿಮೆಯೆಂದು ಆರ್ಕ್ ಕೊಂಡು ಎಂಟು ವರ್ಷದ ಹಿಂದಿನ ಬೋರ್ಡಿಗೆ ಹಾಕಿದರೆ ಹಣ ವ್ಯರ್ಥ.

ಡ್ರೈವರಿನ ವಿಷಯ ಚಿಕ್ಕದು. ಹಳೆಯ ಕಾರ್ಡುಗಳಿಗೆ ತಯಾರಕರು ಹೊಸ ಡ್ರೈವರ್ ಕೊಡುವುದನ್ನು ಒಂದು ಹಂತದಲ್ಲಿ ನಿಲ್ಲಿಸುತ್ತಾರೆ. ಎನ್‌ವಿಡಿಯಾ 2021ರಲ್ಲಿ ಕೆಪ್ಲರ್ ತಲೆಮಾರಿನ ಕಾರ್ಡುಗಳಿಗೆ, ಎಎಂಡಿ ಅದೇ ವರ್ಷ ತನ್ನ ಹಳೆಯ ಹಲವು ರೇಡಿಯಾನ್‌ಗಳಿಗೆ ನಿಲ್ಲಿಸಿತು.

ಕಂಪನಿ ಜೋಡಿಸಿದ ಯಂತ್ರಗಳು

ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳು ಕಚೇರಿಗಳಿಗೆಂದು ಮಾಡುವ ಡೆಸ್ಕ್‌ಟಾಪುಗಳು ಬಳಕೆಯಾದ ಮೇಲೆ ಅಗ್ಗಕ್ಕೆ ಸಿಗುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ವಿದ್ಯಾರ್ಥಿಗಳು ಇವನ್ನು ಕೊಂಡು ಗ್ರಾಫಿಕ್ಸ್ ಕಾರ್ಡ್ ಹಾಕಿಸುವುದುಂಟು. ಇಲ್ಲಿ ಮೇಲಿನ ನಿಯಮಗಳೆಲ್ಲ ಇನ್ನಷ್ಟು ಬಿಗಿಯಾಗುತ್ತವೆ. ಎಸ್‌ಎಂಪಿಎಸ್ ಎಷ್ಟೋ ಮಾದರಿಗಳಲ್ಲಿ 200ರಿಂದ 300 ವಾಟಿನ ಆಸುಪಾಸಿನದು. ಅದರಲ್ಲಿ ಗ್ರಾಫಿಕ್ಸ್ ಕೇಬಲ್ಲೇ ಇರುವುದಿಲ್ಲ. ಬದಲಿಸೋಣವೆಂದರೆ ಬೋರ್ಡಿನ ಪವರ್ ಕನೆಕ್ಟರ್ ಕಂಪನಿಯ ಸ್ವಂತ ವಿನ್ಯಾಸ, ಅಂಗಡಿಯ ಎಸ್‌ಎಂಪಿಎಸ್ ಅದಕ್ಕೆ ಆಗುವುದಿಲ್ಲ. ತೆಳ್ಳಗಿನ ಕ್ಯಾಬಿನೆಟ್ಟಾದರೆ ಸುಮಾರು 69 ಮಿಲಿಮೀಟರ್ ಎತ್ತರದ ಲೋ ಪ್ರೊಫೈಲ್ ಕಾರ್ಡು ಮಾತ್ರ ಕೂರುತ್ತದೆ, ಅದರ ಹಿಂಬದಿಯ ಪಟ್ಟಿಯೂ ಗಿಡ್ಡದಾಗಿರಬೇಕು. ಇಂಥ ಯಂತ್ರಕ್ಕೆ 75 ವಾಟ್ ಒಳಗಿನ, ಬೇರೆ ಕೇಬಲ್ ಬೇಡದ ಲೋ ಪ್ರೊಫೈಲ್ ಕಾರ್ಡೇ ಗತಿ. ಆರ್‌ಟಿಎಕ್ಸ್ 3050ರ 70 ವಾಟಿನ 6 ಗಿಗಾಬೈಟ್ ಮಾದರಿ ಈ ವರ್ಗದಲ್ಲಿ ಒಳ್ಳೆಯ ಆಯ್ಕೆ.

ಜೋಡಿಸಿದ ಮೇಲೆ ನೋಡಬೇಕಾದದ್ದು

ಕಾರ್ಡು ನಿಜವಾಗಿ ಯಾವ ವೇಗದಲ್ಲಿ ಓಡುತ್ತಿದೆ ಎಂಬುದನ್ನು ವಿಂಡೋಸ್‌ನಲ್ಲಿ ಜಿಪಿಯು-ಜಡ್ ಎಂಬ ಉಚಿತ ತಂತ್ರಾಂಶ ತೋರಿಸುತ್ತದೆ. ಅದರಲ್ಲಿ ಬಸ್ ಇಂಟರ್‌ಫೇಸ್ ಎಂಬ ಸಾಲಿನಲ್ಲಿ, ಉದಾಹರಣೆಗೆ, 'ಪಿಸಿಐಇ ಎಕ್ಸ್16 4.0 @ ಎಕ್ಸ್16 1.1' ಎಂದು ಬರುತ್ತದೆ. @ ಗುರುತಿನ ಮೊದಲಿನದು ಕಾರ್ಡಿನ ಸಾಮರ್ಥ್ಯ, ಆಮೇಲಿನದು ಆ ಕ್ಷಣದ ಸಂಪರ್ಕ. 1.1 ನೋಡಿ ಗಾಬರಿ ಬೀಳುವವರಿದ್ದಾರೆ. ಕಾರ್ಡಿಗೆ ಕೆಲಸವಿಲ್ಲದಾಗ ವಿದ್ಯುತ್ ಉಳಿಸಲು ಸಂಪರ್ಕ ತಾನಾಗಿ ಕೆಳಗಿನ ತಲೆಮಾರಿಗೆ ಇಳಿಯುತ್ತದೆ. ಪಕ್ಕದಲ್ಲಿರುವ ಪ್ರಶ್ನೆಗುರುತನ್ನು ಒತ್ತಿದರೆ ಪುಟ್ಟ ಪರೀಕ್ಷೆಯೊಂದು ಓಡಿ ಕಾರ್ಡಿಗೆ ಹೊರೆ ಕೊಡುತ್ತದೆ, ಆಗ ಸಂಖ್ಯೆ 4.0ಗೆ ಏರುತ್ತದೆ. ಏರಬೇಕಾದದ್ದು ತಲೆಮಾರಿನ ಅಂಕಿ. ಎಕ್ಸ್16 ಕಾರ್ಡಿನ ಲೇನ್‌ಗಳ ಅಂಕಿ ಹೊರೆಯಲ್ಲಿಯೂ ಎಕ್ಸ್8 ಅಥವಾ ಎಕ್ಸ್4 ಎಂದೇ ಉಳಿದರೆ, ಕಾರ್ಡ್ ತಪ್ಪು ಸ್ಲಾಟಿನಲ್ಲಿದೆಯೇ, ಎಸ್‌ಎಸ್‌ಡಿ ಲೇನ್ ಕಸಿದಿದೆಯೇ, ಪ್ರೊಸೆಸರಿನಲ್ಲೇ ಅಷ್ಟು ಲೇನ್ ಇಲ್ಲವೇ, ಅಂಚಿನಲ್ಲಿ ಧೂಳು ಕೂತು ಸಂಪರ್ಕ ಕೆಟ್ಟಿದೆಯೇ ಎಂದು ಒಂದೊಂದಾಗಿ ಹುಡುಕಬೇಕು. ಲಿನಕ್ಸ್ ಬಳಸುವವರಿಗೆ ಎಲ್‌ಎಸ್‌ಪಿಸಿಐ ಆದೇಶ ಇದೇ ಮಾಹಿತಿಯನ್ನು ಕೊಡುತ್ತದೆ.

ಇಷ್ಟನ್ನೂ ಕೊಳ್ಳುವ ಮುನ್ನವೇ ತಿಳಿದುಕೊಳ್ಳಲು ಸಾಧ್ಯವಿದೆ. ಪ್ರತಿಯೊಂದು ಮದರ್‌ಬೋರ್ಡಿನ ಕೈಪಿಡಿಯನ್ನೂ ತಯಾರಕರು ತಮ್ಮ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿರುತ್ತಾರೆ, ಬೋರ್ಡ್ ಕೊಂಡಿರಬೇಕೆಂಬ ನಿಯಮವಿಲ್ಲ. ಅದರಲ್ಲಿ ಎಕ್ಸ್‌ಪ್ಯಾನ್ಷನ್ ಸ್ಲಾಟ್ ಎಂಬ ಪುಟವನ್ನು ಅಡಿಟಿಪ್ಪಣಿ ಸಮೇತ ಓದಿ. ಕಾರ್ಡಿನ ಪುಟದಲ್ಲಿ ಲೇನ್, ಉದ್ದ, ಕನೆಕ್ಟರ್ ಮತ್ತು ಸೂಚಿಸಿದ ಎಸ್‌ಎಂಪಿಎಸ್ ನೋಡಿ. ಪ್ರೊಸೆಸರಿನ ಪುಟದಲ್ಲಿ ಪಿಸಿಐ ಎಕ್ಸ್‌ಪ್ರೆಸ್ ತಲೆಮಾರು ನೋಡಿ. ಈ ಮೂರು ಪುಟ ಓದುವವರೆಗೆ ಅಂಗಡಿಯವರಿಗೆ ಮುಂಗಡ ಕೊಡಬೇಡಿ.